ಕೆಂಗತ್ತನ ಮರಣೋತ್ತರ ಪರೀಕ್ಷೆ

ನಿವೃತ್ತ ಪಶುವೈದ್ಯೆ ಎಂದು ಹೇಳಿಕೊಂಡರೆ ಜನ ಮೊದಲು ನನ್ನ ತಲೆಯಲ್ಲಿ ನರೆಗೂದಲು ಹುಡುಕುತ್ತಾರೆ. ಸಿಗುವುದಿಲ್ಲ. ನಲವತ್ತು ತುಂಬುವ ಮೊದಲೇ ನಿವೃತ್ತಿ ಪಡೆದವಳು ನಾನು. ಹನೂರಿನ ಹತ್ತಿರ ಒಂದು ಎಮ್ಮೆಯ ಗಬ್ಬ ಪರೀಕ್ಷೆಗೆಂದು ಹಿಂದೆ ನಿಂತಿದ್ದಾಗ ಅದು ಒದ್ದ ಒದೆತಕ್ಕೆ ಸೊಂಟದ ಮೂಳೆ ಮುರಿಯಿತು. ಕೂಡಿಸಿದ ಮೂಳೆ ನಡೆಯಲು ಸಾಕು, ದನ ಹಿಡಿಯಲು ಸಾಲದು ಎಂದರು ವೈದ್ಯರು. ಈಗ ಯಳಂದೂರಿನ ನಮ್ಮ ಮನೆಯ ಜಗುಲಿಯಲ್ಲಿ ಕೋಲು ಒರಗಿಸಿಕೊಂಡು ಕೂತಿರುತ್ತೇನೆ. ಎಮ್ಮೆಯ ಮೇಲೆ ನನಗೆ ಸಿಟ್ಟಿಲ್ಲ. ಅದರ ಪರವಾಗಿ ವಾದಿಸು ಎಂದರೆ ನಾನೇ ನಿಂತು ಗೆಲ್ಲಿಸಿಕೊಡಬಲ್ಲೆ.

ವಾದದ ಮಾತು ಬಂತಲ್ಲ, ಅದನ್ನು ಹೇಳಿಬಿಡುತ್ತೇನೆ. ಶಾಲೆಯಿಂದ ಪಶುವೈದ್ಯ ಕಾಲೇಜಿನವರೆಗೆ ನಾನು ಚರ್ಚಾಸ್ಪರ್ಧೆಗಳ ಹುಡುಗಿ. ಚೀಟಿ ಎತ್ತಿದಾಗ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಎದುರಾಳಿಯ ಮಾತಿನಲ್ಲಿ ಸಡಿಲ ಕಲ್ಲು ಎಲ್ಲಿದೆ ಎಂದು ಹುಡುಕುವುದು ಅಭ್ಯಾಸವಾಗಿತ್ತು. ದೆವ್ವ, ದೃಷ್ಟಿ, ಶಕುನ ಯಾವುದನ್ನೂ ಎದುರಿಗೆ ನಿಲ್ಲಗೊಡುತ್ತಿರಲಿಲ್ಲ. ಈಗಲೂ ನಿಲ್ಲಗೊಡುವುದಿಲ್ಲ.

ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡುತ್ತಾರೆ. 'ಮೇಡಂ, ಫೀಲ್ಡಿನಲ್ಲಿ ಕೆಲಸ ನಿಜವಾಗಿ ಹೇಗಿರುತ್ತೆ?' ಅಂತ. ಅವರಿಗೆ ನಾನು ಮೊದಲು ಹೇಳುವುದು ನನ್ನ ಸೋಲಿನ ಕಥೆ.

ಹನೂರಿಗೆ ಹೋದ ಹೊಸದು. ಹೆರಿಗೆ ಕಷ್ಟವಾಗಿದೆ ಎಂದು ಕರೆದಿದ್ದರು. ಹೋಗಿ ನೋಡಿದರೆ ಹಸುವಿನ ಕತ್ತಿಗೆ ದೃಷ್ಟಿಯಾಗದಿರಲಿ ಎಂದು ಹಳೆಯ ಚಪ್ಪಲಿ ಕಟ್ಟಿದ್ದರು. ಕರು ಸರಿಯಾಗಿಯೇ ತಿರುಗಿತ್ತು, ಸ್ವಲ್ಪ ಕಾಯಬೇಕಿತ್ತು ಅಷ್ಟೇ. ಕಾಯುವ ಹೊತ್ತಿನಲ್ಲಿ ನಾನು ಚಪ್ಪಲಿಯ ಮೇಲೆ ವಾದಕ್ಕೆ ನಿಂತೆ. ದೃಷ್ಟಿ ಎಂದರೇನು, ಕಣ್ಣಿನಿಂದ ಏನಾದರೂ ಹೊರಗೆ ಹೋಗುತ್ತದೆಯೇ, ಹೋದರೆ ಚಪ್ಪಲಿ ಅದನ್ನು ಹೇಗೆ ತಡೆಯುತ್ತದೆ. ಒಂದೊಂದೇ ಅಂಶ ಎತ್ತಿ ಹೇಳಿ ನಾನು ಸಮಾರೋಪಕ್ಕೆ ಬರುವಷ್ಟರಲ್ಲಿ ಹಿಂದೆ ಧೊಪ್ಪೆಂದಿತು. ಕರು ನೆಲದ ಮೇಲಿತ್ತು. ಹಸುವಿನ ಯಜಮಾನ ನಕ್ಕು, 'ನಿಮ್ ಮಾತ ಕೇಳಕ್ಕಾಗ್ದೆ ತಾನೇ ಈಚ್ಗ ಬಂದ್ಬುಡ್ತು ಕನವ್ವ' ಎಂದ. ನನ್ನ ಜೊತೆಯಿದ್ದ ನಿಂಗರಾಜು, ನಮ್ಮ ಆಸ್ಪತ್ರೆಯ ಸಹಾಯಕ, ಆ ಮಾತನ್ನು ಹನೂರಿನ ಎಲ್ಲ ಟೀ ಅಂಗಡಿಗಳಿಗೂ ಮುಟ್ಟಿಸಿದ.

ಇದನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ಮುಂದಿನದು ಕೆಂಗತ್ತನ ವಿಷಯ.

ಹನೂರಿನಿಂದ ಮಾದಪ್ಪನ ಬೆಟ್ಟಕ್ಕೆ ಹೋಗುವ ರಸ್ತೆಗೆ ಅಂಟಿಕೊಂಡು ಕಲ್ಲುಕಟ್ಟೆದೊಡ್ಡಿ ಎಂಬ ಊರಿದೆ. ಶಿವರಾತ್ರಿಯ ಪರಸೆ ನಡೆದುಹೋಗಿ ಕೆಲವು ವಾರ ಆಗಿತ್ತು. ಪರಸೆ ಎಂದರೆ ಈ ಕಡೆ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ಭಕ್ತರ ಗುಂಪು. ಬಿಸಿಲು ಏರುತ್ತಿತ್ತು. ಪಕ್ಕದೂರಿನ ಹೊಲದಲ್ಲಿ ಕುರಿಗಳು ಸತ್ತವು ಎಂಬ ಸುದ್ದಿ ಬಂತು, ನಾವು ಹೋಗುವಷ್ಟರಲ್ಲಿ ಹೂತುಬಿಟ್ಟಿದ್ದರು. ಆಮೇಲೆ ಅದೇ ಮಂದೆ ಕಲ್ಲುಕಟ್ಟೆದೊಡ್ಡಿಗೆ ಬಂದು ನಿಂತಿತು. ಅಲ್ಲೂ ಕುರಿಗಳು ಸತ್ತವು.

ಮಂದೆ ಪುಟ್ಟಮಾದಮ್ಮನದು. ಗಂಡ ತೀರಿಕೊಂಡ ಮೇಲೆ ಕುರಿಗಳನ್ನು ಮಾರಿಬಿಡು ಎಂದವರಿಗೆಲ್ಲ, 'ನಿಮ್ಮನ್ನ ಮೇಯ್ಸಕ್ಕಿಂತ ಇವ ಮೇಯ್ಸದು ಸಲೀಸು' ಎಂದು ಹೇಳಿ ಕೋಲು ಹಿಡಿದು ಹೊರಟ ಹೆಂಗಸು. ಸುಗ್ಗಿ ಮುಗಿದ ಖಾಲಿ ಹೊಲಗಳಲ್ಲಿ ಮಂದೆ ನಿಲ್ಲಿಸುತ್ತಾಳೆ. ರೈತನಿಗೆ ಗೊಬ್ಬರ, ಅವಳಿಗೆ ರಾಗಿ ಮತ್ತು ಕುರಿಗಳಿಗೆ ಒಂದು ನೆಲೆ. ಕಾಡಂಚಿನಲ್ಲಿ ನಿಲ್ಲಲು ಅರಣ್ಯದವರು ಬಿಡುವುದಿಲ್ಲ. ಹಾಗಾಗಿ ಯಾವುದಾದರೂ ಒಂದು ಹೊಲ ಅವಳನ್ನು ಕರೆದರೆ ಮಾತ್ರ ಅವಳ ಬದುಕು.

ನಾವು ಹೋದಾಗ ಹೊಲದ ಬದುವಿನ ಮೇಲೆ ಊರೇ ನಿಂತಿತ್ತು. ಸತ್ತ ಕುರಿಗಳನ್ನು ಯಾರೂ ಮುಟ್ಟಿರಲಿಲ್ಲ. ಒಂದರ ಹೊಟ್ಟೆ ಬಗೆದಿತ್ತು. ಉಳಿದವು ನಿದ್ದೆ ಹೋದಂತೆ ಬಿದ್ದಿದ್ದವು. ಉಣ್ಣೆಯ ಮೇಲೆ ರಕ್ತದ ಕಲೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ.

'ನೋಡಿ ಡಾಕ್ಟ್ರಮ್ಮ, ಒಂದ್ ತೊಟ್ಟೂ ಬುಡ್ದಂಗ ರಕ್ತ ಹೀರ್ಬುಟ್ಟದ. ಮಾಂಸ ಬ್ಯಾಡ ಅದ್ಕ, ಬರೀ ರಕ್ತ.'

ಹೀಗೆಂದವರು ಶಿವಮಲ್ಲಪ್ಪ, ಹೊಲದ ಯಜಮಾನರು. ಊರಿನಲ್ಲಿ ಅವರ ಮಾತಿಗೆ ತೂಕವಿತ್ತು. ಪರಸೆ ಬಂದಾಗ ರಸ್ತೆ ಬದಿಯಲ್ಲಿ ಚಪ್ಪರ ಹಾಕಿ ನಡೆದು ಬಂದವರಿಗೆಲ್ಲ ಊಟ ಹಾಕುವ ಮನೆತನ ಅವರದು.

'ಯಾವುದು ಹೀರಿದ್ದು ಯಜಮಾನ್ರೇ?' ಎಂದೆ.

'ಕೆಂಗತ್ತ.'

ಹೆಸರು ಆಗಲೇ ಹುಟ್ಟಿತ್ತು. ಹುಟ್ಟಿಸಿದವಳು ಪುಟ್ಟಮಾದಮ್ಮನೇ. ಬೆಳಗಿನ ಜಾವದ ಮಬ್ಬಿನಲ್ಲಿ ಎದ್ದಾಗ ಕುರಿಗಳ ನಡುವೆ ಏನೋ ಓಡಿದ್ದನ್ನು ಕಂಡಿದ್ದಳು. 'ನಾಯಿಗಿಂತ ಉದ್ದ ಕನಮ್ಮ. ಕಾಲು ಎಷ್ಟೋ. ಕತ್ತು ಮಾತ್ರ ಕೆಂಪ್ಗ ಇತ್ತು, ಕೆಂಡ್ದಂಗ.' ಅಷ್ಟರಲ್ಲಿ ಊರಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದು ಚಿತ್ರವೂ ಬಂದಿತ್ತು. ಬಾವಲಿಯ ಮುಖ, ತೋಳದ ಮೈ. ಯಾವ ದೇಶದ್ದೋ, ಯಾವ ಕಂಪ್ಯೂಟರಿನಲ್ಲಿ ಹುಟ್ಟಿದ್ದೋ. ಕತ್ತಿಗೆ ಮಾತ್ರ ನಮ್ಮವರೇ ಯಾರೋ ಕೆಂಪು ಬಳಿದಿದ್ದರು.

ನಿಂಗರಾಜು ಕಿವಿಯಲ್ಲಿ, 'ಮೇಡಂ, ಕರು ಹಾಕೋವರ್ಗೂ ವಾದ ಮಾಡ್ಬೇಡಿ' ಎಂದ. ನಾನು ಕೈಗವಸು ಹಾಕಿಕೊಂಡೆ.

ಹೊಸಬರು ಇಲ್ಲಿ ಸ್ವಲ್ಪ ನಿಧಾನ ಓದಿ. ಇಂಥ ಕುರಿಯನ್ನು ಕೊಟ್ಟಾಗ ಬಹಳ ಮಂದಿ ನೇರ ಹೊಟ್ಟೆಗೆ ಕತ್ತಿ ಹಾಕುತ್ತಾರೆ. ಅದು ತಪ್ಪು. ಮೊದಲು ಚರ್ಮ ಸುಲಿಯಬೇಕು. ಏಕೆಂದರೆ ಕುರಿಯ ಮೇಲೆ ಏನು ನಡೆಯಿತು ಎಂಬುದು ಉಣ್ಣೆಯ ಮೇಲೆ ಕಾಣುವುದಿಲ್ಲ, ಚರ್ಮದ ಒಳಮೈಯಲ್ಲಿ ಕಾಣುತ್ತದೆ. ಹಲ್ಲು ಊರಿದ ತೂತು ಹೊರಗೆ ಸಣ್ಣದು, ಉಣ್ಣೆ ಅದನ್ನು ಮುಚ್ಚಿಬಿಡುತ್ತದೆ. ಒಳಗೆ ಮಾತ್ರ ಮಾಂಸ ಜಜ್ಜಿ ರಕ್ತವೆಲ್ಲ ಅಲ್ಲೇ ಕೂಡಿಕೊಂಡಿರುತ್ತದೆ.

ನಿಂಗರಾಜು ಸುಲಿದ. ತೊಡೆ, ಪಕ್ಕೆ, ಹಿಂಗಾಲಿನ ಮಂಡಿಯ ಹತ್ತಿರ ಚರ್ಮದ ಕೆಳಗೆ ಕಪ್ಪು ರಕ್ತ ಹಾಳೆ ಹಾಳೆಯಾಗಿ ಹೆಪ್ಪುಗಟ್ಟಿತ್ತು. ನಾನು ಅದನ್ನು ಕೈಯಲ್ಲಿ ಎತ್ತಿ ಹಿಡಿದು, 'ಯಾರು ಹೀರಿದ್ದು? ಇಲ್ಲೇ ಇದೆಯಲ್ಲ!' ಎಂದೆ. ಹತ್ತಿರ ಬಂದು ನೋಡಿದವರು ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಆಮೇಲೆ ನನ್ನ ಹಳೆಯ ಚಾಳಿ ಕೆರಳಿತು. ಚಿರತೆಯಾದರೆ ಗಂಟಲು ಹಿಡಿಯುತ್ತದೆ, ಹಿಡಿದದ್ದನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿ ಗಂಟಲು ಚೆನ್ನಾಗಿದೆ. ಕಚ್ಚಿದ್ದೆಲ್ಲ ಹಿಂದೆ, ಪಕ್ಕದಲ್ಲಿ, ಬಾಲದ ಹತ್ತಿರ. ಓಡುವ ಕುರಿಯನ್ನು ಹಲವು ಬಾಯಿಗಳು ಹಿಂದಿನಿಂದ ಹಿಡಿದಿವೆ. ಕೊಂದಿದ್ದು ಹೆಚ್ಚು, ತಿಂದಿದ್ದು ಕಡಿಮೆ. ಆದ್ದರಿಂದ ಇದು ನಾಯಿ. ನಿಮ್ಮ ಊರಿನ ನಾಯಿಗಳೇ.

ಕಾಲೇಜಾಗಿದ್ದರೆ ಇಲ್ಲಿ ಚಪ್ಪಾಳೆ ಬೀಳಬೇಕಿತ್ತು.

ಶಿವಮಲ್ಲಪ್ಪ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು ಮೆತ್ತಗೆ ಕೇಳಿದರು. 'ಡಾಕ್ಟ್ರಮ್ಮ, ಮೊನ್ನೆ ನಮ್ಮೂರ ನಾಯ್ಗಳಿಗೆಲ್ಲ ಹುಚ್ಚುನಾಯಿ ರೋಗದ ಸೂಜಿ ಹಾಕ್ದೋರು ಯಾರು?'

'ನಾನೇ.'

'ಹಾಕ್ಬುಟ್ಟು ಯಾನ ಹೇಳುದ್ರಿ?'

ನನಗೆ ನೆನಪಾಯಿತು. ಮೈಕಿನಲ್ಲಿ ಹೇಳಿದ್ದೆ. ಎರಡು ದಿನ ನಾಯಿಗಳನ್ನು ಕಟ್ಟಿಹಾಕಿ, ಬಿಡಬೇಡಿ.

'ಕಟ್ಟಾಕಿದ್ವಿ. ಒಂದೂ ಬುಟ್ಟಿಲ್ಲ. ಬೇಕಾದ್ರ ಮನ ಮನ ಕೇಳಿ. ಹಗ್ಗ ಕಿತ್ತ ನಾಯಿ ಇಲ್ಲ. ನೀವೇ ಹಣೆಗ ನೀಲಿ ಬಣ್ಣ ಹಚ್ಚಿದ್ರಿ, ಆ ಬಣ್ಣ ಇಲ್ದಿರೋ ನಾಯಿ ನಮ್ಮೂರಲ್ಲಿಲ್ಲ. ಈಗ ಹೇಳಿ, ಕಟ್ಟಾಕಿರೋ ನಾಯಿ ಎಂಗ ಕುರಿ ಹಿಡೀತು?'

ಮನೆ ಮನೆಗೂ ಹೋದೆ. ಅವರ ಮಾತು ನಿಜವಾಗಿತ್ತು. ಒಂದು ಮನೆಯ ಮುದುಕಿಯಂತೂ, 'ನಿಮ್ಮ ಮಾತ ಕೇಳಿ ನನ್ ನಾಯಿ ಎರಡು ದಿನ ಕಟ್ಟಿದ ಜಾಗದಲ್ಲೇ ಹೇತು ಗಬ್ಬೆಬ್ಬುಸ್ತು, ಈಗ ಅದ್ರ ಮ್ಯಾಲೇ ಕಳ್ತನ ಹೊರುಸ್ತೀಯಾ?' ಎಂದು ಜಗಳಕ್ಕೇ ಬಂದಳು. ನಾನು ನಡೆಸಿದ ಲಸಿಕೆ ಶಿಬಿರವೇ ಊರಿನ ನಾಯಿಗಳಿಗೆ ಸಾಕ್ಷಿಯಾಗಿ ನಿಂತಿತ್ತು. ಇಷ್ಟು ಚೊಕ್ಕದಾಗಿ ಯಾರೂ ನನ್ನ ವಾದವನ್ನು ಮುರಿದಿರಲಿಲ್ಲ. ಸಿಟ್ಟು ಬರಲಿಲ್ಲ ಎಂದರೆ ಸುಳ್ಳು. ಆದರೆ ಸಿಟ್ಟಿನ ಕೆಳಗೆ ಇನ್ನೊಂದು ಭಾವವಿತ್ತು, ಒಂಥರಾ ಖುಷಿ. ಗಾಯ ನಾಯಿ ಎನ್ನುತ್ತಿದೆ. ಹಗ್ಗ ನಾಯಿಯಲ್ಲ ಎನ್ನುತ್ತಿದೆ. ಎರಡೂ ನಿಜ. ಹಾಗಾದರೆ ನನಗೆ ತಿಳಿಯದ ಮೂರನೆಯ ನಿಜ ಒಂದಿರಬೇಕು.

ಊರಿಗೆ ಅಂಥ ತೊಡಕೇನಿರಲಿಲ್ಲ. ಅಂದೇ ಮಧ್ಯಾಹ್ನ ಕಟ್ಟೆಯ ಮೇಲೆ ಕೂತು ತೀರ್ಮಾನಿಸಿದರು. ಆ ಊರಲ್ಲಿ ಮಂದೆ ನಿಂತಾಗ ಅಲ್ಲಿ ಬಂತು, ಈ ಊರಿಗೆ ಮಂದೆ ಬಂದಾಗ ಇಲ್ಲಿಗೆ ಬಂತು. ಕೆಂಗತ್ತ ಪುಟ್ಟಮಾದಮ್ಮನ ಮಂದೆಯ ಹಿಂದೆಯೇ ಬರುತ್ತಿದೆ. ಹುಣ್ಣಿಮೆಯೊಳಗೆ ಅವಳು ಮಂದೆ ಹೊಡೆದುಕೊಂಡು ಹೋಗಬೇಕು. ಹುಣ್ಣಿಮೆಗೆ ವಾರವೂ ಇರಲಿಲ್ಲ.

'ಎಲ್ಲಿಗ ಓಗ್ಲಿ ಬುದ್ಧಿ?' ಎಂದಳು ಪುಟ್ಟಮಾದಮ್ಮ. 'ಆಚ ಊರ್ನೋರು ಆಗ್ಲೇ ಫೋನ್ ಮಾಡಿ ಬರ್ಬೇಡ ಅಂದವ್ರ. ಕುರಿಗಳು ಮರಿ ಹಾಕೋ ಹೊತ್ತು. ಗಾಳೀಲಿ ನಿಲ್ಲುಸ್ಲಾ?'

'ನಿನ್ ಮ್ಯಾಲ ನಮ್ಗ ಯಾನ ದ್ವೇಷ ಇಲ್ಲ ಕನವ್ವ. ನಮ್ಮನೇಲೂ ಕುರಿ ಅವ, ಕರು ಅವ, ಮಕ್ಳವ' ಎಂದರು ಶಿವಮಲ್ಲಪ್ಪ.

ನಾನು ಎದ್ದು ನಿಂತು ಕಾರ್ಯಕಾರಣದ ಬಗ್ಗೆ ಒಂದು ಒಳ್ಳೆಯ ಮಾತು ಶುರು ಮಾಡಿದ್ದೆ. ಒಂದರ ಹಿಂದೆ ಒಂದು ಬಂದ ಮಾತ್ರಕ್ಕೆ ಅದರಿಂದಲೇ ಇದು ಆಯಿತೆಂದು ಹೇಳಲಾಗದು, ಹೀಗೆ. ಪುಟ್ಟಮಾದಮ್ಮ ನನ್ನ ಸೆರಗು ಹಿಡಿದು ಕೆಳಗೆ ಕೂರಿಸಿದಳು. 'ನನ್ಗ ವಾದ ಬ್ಯಾಡ ಡಾಕ್ಟ್ರಮ್ಮ. ಜಾಗ ಬೇಕು.'

ಅಂದು ಸಂಜೆ ನಮ್ಮ ಮೇಲಿನ ಸಾಹೇಬರಿಗೆ ಕೊಳ್ಳೇಗಾಲಕ್ಕೆ ಫೋನ್ ಮಾಡಿದೆ. ಒಳ್ಳೆಯ ಮನುಷ್ಯ, ನೆಮ್ಮದಿಯಾಗಿ ನಿವೃತ್ತಿಯ ಕಡೆ ನಡೆಯುತ್ತಿದ್ದವರು. 'ಚಿರತೆ ಅಂದ್ಬಿಡಮ್ಮ. ಅರಣ್ಯದೋರು ಬೋನು ಇಡ್ತಾರೆ. ಜನಕ್ಕೂ ಸಮಾಧಾನ.'

'ಗಂಟಲಲ್ಲಿ ಗಾಯ ಇಲ್ಲ ಸರ್.'

'ಗಂಟಲು ನೋಡಿದೋರು ನೀನೊಬ್ಬಳೇ ತಾನೇ?'

'ಅದಕ್ಕೇ ಸುಳ್ಳು ಹೇಳಕ್ಕಾಗಲ್ಲ ಸರ್.'

ಆ ಕಡೆ ನಿಟ್ಟುಸಿರು ಕೇಳಿಸಿತು. ಇದಾದ ಮೇಲೆ ಪತ್ರಿಕೆಯವರೊಬ್ಬರು ಅವರನ್ನೇ ಕೇಳಿದ್ದಾರೆ. ಪ್ರಾಣಿ ಯಾವುದೆಂದು ಇನ್ನೂ ಗೊತ್ತಾಗಿಲ್ಲ ಎಂದಿದ್ದಾರೆ. ಮಾರನೆಯ ದಿನದ ಸುದ್ದಿಯಲ್ಲಿ ಅದು ವೈದ್ಯರಿಗೂ ಗುರುತು ಸಿಗದ ವಿಚಿತ್ರ ಪ್ರಾಣಿಯಾಗಿತ್ತು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಆದರೆ ಕೆಂಗತ್ತನಿಗೆ ಸರ್ಕಾರದ ಮಾನ್ಯತೆ ಸಿಕ್ಕಿತು.

ಮಾರನೆಯ ದಿನ ಯಾರೋ ಹೊಸ ಮಾತು ತಂದರು. ಒಡೆಯರಪಾಳ್ಯದ ಟಿಬೆಟಿಯನ್ ಕ್ಯಾಂಪಿನಲ್ಲಿ ಕರಡಿಯಂಥ ನಾಯಿಯಿದೆ, ಕತ್ತಿನ ತುಂಬ ಕೆಂಚು ಕೂದಲು, ಅದೇ ಕೆಂಗತ್ತ. ನೋಡದೆ ತಳ್ಳಿಹಾಕುವುದು ನನ್ನ ಪದ್ಧತಿಯಲ್ಲ. ಶಿವಮಲ್ಲಪ್ಪನವರನ್ನೂ ಹತ್ತಿಸಿಕೊಂಡು ನಿಂಗರಾಜು ಜೊತೆ ಜೀಪಿನಲ್ಲಿ ಹೋದೆ. ಜೋಳದ ಹೊಲ ದಾಟಿದ ಮೇಲೆ ಒಂದು ಮನೆಯ ಮುಂದೆ ಆ ನಾಯಿ ಮಲಗಿತ್ತು. ನಿಜಕ್ಕೂ ಕರಡಿಯಂತೆಯೇ ಇತ್ತು. ನಾವು ಹತ್ತಿರ ಹೋದರೂ ಏಳಲಿಲ್ಲ. ಮನೆಯ ಮುದುಕ ಹೊರಗೆ ಬಂದು ನಮ್ಮ ಮಾತು ಕೇಳಿ, ನಾಯಿಯ ತುಟಿ ಎತ್ತಿ ತೋರಿಸಿದ. ಒಂದೇ ಒಂದು ಹಲ್ಲಿರಲಿಲ್ಲ.

'ಅಂಬ್ಲಿ ಕುಡೀತದೆ ಕಣಮ್ಮ. ಅದೂ ಬಿಸಿ ಆರ್ಸಿ ಕೊಡ್ಬೇಕು. ಕುರಿ ಕಂಡ್ರೆ ಎದ್ದು ಒಳಗೆ ಹೋಯ್ತದೆ' ಎಂದ ನಮ್ಮದೇ ಕನ್ನಡದಲ್ಲಿ.

ಶಿವಮಲ್ಲಪ್ಪನವರಿಗೇ ನಾಚಿಕೆಯಾಯಿತು. ನಾಯಿಯ ತಲೆ ಸವರಿ, ಮುದುಕ ಕೊಟ್ಟ ಚಹಾ ಕುಡಿದು ಜೀಪು ಹತ್ತಿದರು. ಹನೂರು ಹತ್ತಿರವಾದಾಗ, 'ಹಲ್ಲಿಲ್ದೋನ ಮ್ಯಾಲ ಹೊರುಸ್ಬುಟ್ವಲ್ಲ' ಎಂದರು. ಆ ಮಾತಿನಿಂದ ನನಗೆ ಅವರ ಮೇಲೆ ನಂಬಿಕೆ ಬಂತು. ತಪ್ಪನ್ನು ಕಣ್ಣಿಂದ ಕಂಡರೆ ಈ ಮನುಷ್ಯ ಒಪ್ಪುತ್ತಾರೆ. ಆದರೆ ಕಾಣಿಸಬೇಕು, ಹೇಳಿದರೆ ಸಾಲದು.

ಹುಣ್ಣಿಮೆ ಹತ್ತಿರ ಬರುತ್ತಿತ್ತು. ನನಗೆ ಬೆಟ್ಟದಲ್ಲಿ ದನಗಳಿಗೆ ಕಾಲುಬಾಯಿ ರೋಗದ ಲಸಿಕೆ ಹಾಕುವ ಕೆಲಸ ಬಿತ್ತು. ಕೆಲಸ ಮುಗಿಸಿ ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದೆವು. ನಡೆದು ಬಂದಿದ್ದ ಒಂದು ಪರಸೆ ದರ್ಶನ ಮುಗಿಸಿ ಮೈಸೂರಿನ ಬಸ್ಸು ಹತ್ತುತ್ತಿತ್ತು. ಕಾಲಿಗೆ ಬಟ್ಟೆ ಸುತ್ತಿಕೊಂಡವರು, ಕುಂಟುವವರು, ಪ್ರಸಾದದ ಚೀಲ ಹಿಡಿದವರು. ಅವರ ಹಿಂದೆಯೇ ಒಂದು ಕಂದು ನಾಯಿ ಮೆಟ್ಟಿಲಿಗೆ ಮುಂಗಾಲಿಟ್ಟಿತು.

'ಲೇ, ಟಿಕೆಟ್ ತಕಂಡಿದ್ದೀಯೇನ್ಲಾ?' ಎಂದ ಕಂಡಕ್ಟರ್. ಬಸ್ಸೆಲ್ಲ ನಕ್ಕಿತು. ಒಬ್ಬ ಅಜ್ಜ ಕಿಟಕಿಯಿಂದ ಕೈ ಚಾಚಿ, 'ಪಾಪ, ನಮ್ಮೂರಿಂದ ನಡಕಂಡು ಬಂದದ ಕನಪ್ಪ' ಎಂದ. 'ಬಂದಂಗೇ ನಡಕಂಡು ಓಗ್ಲಿ ಬುಡಜ್ಜ' ಎಂದು ಕಂಡಕ್ಟರ್ ಬಾಗಿಲು ಎಳೆದುಕೊಂಡ. ಬಸ್ಸು ಹೊರಟಿತು. ನಾಯಿ ಮೊದಲ ತಿರುವಿನವರೆಗೆ ಅದರ ಹಿಂದೆ ಓಡಿತು. ಆಮೇಲೆ ನಿಂತಿತು. ಆಮೇಲೆ ಬೆಟ್ಟದ ಬುಡದ ತಾಳುಬೆಟ್ಟದ ಕಡೆ ತಾನೊಂದೇ ಇಳಿಯತೊಡಗಿತು.

ಅದರ ಕತ್ತಿಗೆ ಕಾವಿ ಬಟ್ಟೆಯ ಪಟ್ಟಿ ಕಟ್ಟಿದ್ದರು.

ನಾನು ಕಾಫಿ ಲೋಟವನ್ನು ಕೆಳಗಿಟ್ಟೆ. ನಿಂಗರಾಜು ನನ್ನ ಮುಖ ನೋಡಿ, 'ಏನ್ ಮೇಡಂ, ಹಸು ಕರು ಹಾಕ್ತಾ?' ಎಂದ.

ಬರುವಾಗ ನಡಿಗೆ, ಹೋಗುವಾಗ ಬಸ್ಸು. ನಾನು ಹುಟ್ಟಿದಾಗಿನಿಂದ ಕಂಡದ್ದು ಇದನ್ನೇ. ಬೆಟ್ಟಕ್ಕೆ ನಡೆದು ಹೋಗುವವರಲ್ಲಿ ನಡೆದೇ ವಾಪಸ್ ಬರುವವರು ಅಪರೂಪ. ದಾರಿಯಲ್ಲಿ ಜೊತೆಗೆ ಬಿದ್ದ ನಾಯಿಗಳಿಗೆ ಊರೂರಲ್ಲಿ ಅನ್ನ ಹಾಕುತ್ತಾರೆ, ಹೆಸರಿಡುತ್ತಾರೆ, ಯಾರೂ ಕಲ್ಲು ಹೊಡೆಯದಿರಲಿ ಎಂದು ಕತ್ತಿಗೆ ಒಂದು ಚೂರು ಕಾವಿ ಕಟ್ಟುತ್ತಾರೆ. ಅವು ಬೆಟ್ಟ ಮುಟ್ಟುತ್ತವೆ. ಅಲ್ಲಿಂದ ಮುಂದೆ ಅವು ಏನಾಗುತ್ತವೆ ಎಂದು ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ. ಪುಟ್ಟಮಾದಮ್ಮ ಕತ್ತು ಕೆಂಪಗಿತ್ತು ಎಂದಾಗ ಅದು ಹೆದರಿದ ಕಣ್ಣಿನ ಕಲ್ಪನೆ ಎಂದು ಪಕ್ಕಕ್ಕೆ ಸರಿಸಿದ್ದೆ. ಕಣ್ಣು ಸರಿಯಾಗಿಯೇ ಕಂಡಿತ್ತು. ಕಂಡದ್ದಕ್ಕೆ ಬಿದ್ದ ಹೆಸರು ಮಾತ್ರ ತಪ್ಪಾಗಿತ್ತು. ಹೊಸಬರಿಗೆ ನನ್ನ ಅನುಭವದಿಂದ ಒಂದು ಮಾತು ಹೇಳುವುದಾದರೆ ಇದೇ. ರೈತ ಕಂಡದ್ದನ್ನೂ ಅದಕ್ಕೆ ಅವನು ಇಟ್ಟ ಹೆಸರನ್ನೂ ಬೇರೆ ಬೇರೆ ಮಾಡಿ ಇಟ್ಟುಕೊಳ್ಳಿ. ಎರಡನ್ನೂ ಒಟ್ಟಿಗೆ ಎಸೆಯಬೇಡಿ.

ಮಾರನೆಯ ಬೆಳಿಗ್ಗೆ ಕಲ್ಲುಕಟ್ಟೆದೊಡ್ಡಿಗೆ ಹೋದೆ. ಪುಟ್ಟಮಾದಮ್ಮ ಮಂದೆಗೆ ಬೇಲಿಯಾಗಿ ಕಟ್ಟುವ ಬಲೆ ಸುತ್ತಿ ಕತ್ತೆಯ ಮೇಲೆ ಹೇರುತ್ತಿದ್ದಳು. ಎಲ್ಲಿಗೆ ಎಂದರೆ, 'ರಸ್ತೆಗ' ಎಂದಳು. ಹೊಸ ಮರಿಯೊಂದು ಅವಳ ಕಂಬಳಿಯೊಳಗಿಂದ ತಲೆ ಹಾಕಿತ್ತು. ಒಂದು ಗಳಿಗೆ ತಡೆ ಎಂದು ಹೇಳಿ ಶಿವಮಲ್ಲಪ್ಪನವರ ಜಗುಲಿಗೆ ಹೋದೆ. ಈ ಸಲ ವಾದ ಕಟ್ಟಿಕೊಂಡು ಹೋಗಿರಲಿಲ್ಲ. ಪ್ರಶ್ನೆ ಇಟ್ಟುಕೊಂಡು ಹೋಗಿದ್ದೆ.

'ಯಜಮಾನ್ರೇ, ಪರಸೆ ಊಟಕ್ಕೆ ಬಂದಾಗ ಜೊತೆಗೆ ನಾಯಿ ಬಂದರೆ ಏನು ಮಾಡ್ತೀರಿ?'

'ಮಾಡದೇನ? ಅದ್ಕೂ ಒಂದೆಲೆ ಹಾಕ್ತೀವಿ. ಪರಸೆ ಜೊತ್ಗ ಬಂದ್ರ ನಾಯೂ ಪರಸೇನೇ. ನಮ್ಮಪ್ಪನ ಕಾಲ್ದಿಂದ್ಲೂ ಅಂಗೇ.'

'ಈ ಸಲ ಬಂದಿದ್ವಾ?'

'ಬಂದಿದ್ವು. ಸುಮಾರು ಬಂದಿದ್ವು.'

'ಅವು ವಾಪಸ್ ಹೋಗಿದ್ದು ಯಾರಾದ್ರೂ ನೋಡಿದ್ರಾ?'

ಅವರು ಒಳಗಡೆ ತಿರುಗಿ ನೋಡಿದರು. ಒಳಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ, 'ಜನಾನೇ ಬಸ್ಸಲ್ಲಿ ಭರ್ರಂತ ಓಯ್ತಾರ, ನಾಯ್ನ ಯಾರವ್ವ ನೋಡ್ತಾರ?' ಎಂದವರು, ಹೇಳುತ್ತಲೇ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಊರಿನವರು ಊರಿನ ನಾಯಿಗಳನ್ನೆಲ್ಲ ಎಣಿಸಿದ್ದರು. ಅದರಲ್ಲಿ ತಪ್ಪಿರಲಿಲ್ಲ. ಆದರೆ ತಮ್ಮ ಎಲೆಯಲ್ಲಿ ಉಂಡು ಹೋದದ್ದನ್ನು ಅವರು ನಾಯಿಯೆಂದು ಎಣಿಸಿಯೇ ಇರಲಿಲ್ಲ, ಅದು ಪರಸೆ.

ಶಿವಮಲ್ಲಪ್ಪ ಎದ್ದರು. ಮನೆಯಲ್ಲಿ ಮಾಡಿಟ್ಟಿದ್ದ ಅನ್ನವನ್ನು ದೊಡ್ಡ ಪಾತ್ರೆಗೆ ಸುರಿಸಿಕೊಂಡು, ಚಪ್ಪರ ಹಾಕುವ ಜಾಗಕ್ಕೆ ನಡೆದರು. ಬದಿಗೆ ಹಳ್ಳ, ಹಳ್ಳದ ತುಂಬ ಲಾಂಟಾನ ಪೊದೆ. ಸುದ್ದಿ ಹರಡಿ ಊರವರು ಬಂದರು. ಪುಟ್ಟಮಾದಮ್ಮ ಕತ್ತೆಯನ್ನು ಹಾಗೇ ಬಿಟ್ಟು ಬಂದಳು. ಶಿವಮಲ್ಲಪ್ಪ ಸೌಟಿನಿಂದ ಪಾತ್ರೆಯ ಅಂಚನ್ನು ಟಣಟಣ ಬಡಿದು, ಪರಸೆಯನ್ನು ಊಟಕ್ಕೆ ಕರೆಯುವ ಹಾಗೆಯೇ ಕೂಗಿದರು.

'ಉಘೇ ಮಾದಪ್ಪ! ಬನ್ನಿ, ಊಟಕ್ಕ ಬನ್ನಿ!'

ಸ್ವಲ್ಪ ಹೊತ್ತು ಏನೂ ಇಲ್ಲ. ಹಿಂದೆ ಯಾರೋ ಕಿಸಕ್ಕೆಂದರು. ಶಿವಮಲ್ಲಪ್ಪ ಇನ್ನೊಮ್ಮೆ ಬಡಿದರು.

ಪೊದೆ ಅಲುಗಿತು. ಮೊದಲು ಒಂದು ಕಪ್ಪು ನಾಯಿ ತಲೆ ಹಾಕಿತು, ಅದರ ಹಿಂದೆ ಇನ್ನೆರಡು. ಪಕ್ಕೆಲುಬು ಎದ್ದುಬಂದಿದ್ದವು. ಬಾಲ ಕಾಲಸಂದಿಯಲ್ಲಿತ್ತು. ಪಾತ್ರೆಯ ಸದ್ದು ಕೇಳಿ ಬಾಲ ನಿಧಾನ ಮೇಲೇರಿತು. ಒಂದರ ಹಣೆಯಲ್ಲೂ ನಾನು ಹಚ್ಚಿದ ನೀಲಿ ಬಣ್ಣವಿರಲಿಲ್ಲ. ಮೂರರ ಕತ್ತಿನಲ್ಲೂ ಕಾವಿ ಬಟ್ಟೆ ಇತ್ತು, ಕೊಳೆ ಹಿಡಿದು ಇನ್ನಷ್ಟು ಕೆಂಪಾಗಿ. ಒಂದರ ಹಿಂದೆ ಒಂದು ಅಂಟಿಕೊಂಡು ಬರುತ್ತಿದ್ದವು. ಮಬ್ಬಿನಲ್ಲಿ ನೋಡಿದ್ದರೆ ನನಗೂ ಉದ್ದನೆಯ ಒಂದೇ ಪ್ರಾಣಿ ಕಾಣುತ್ತಿತ್ತು.

'ಅದೇ' ಎಂದಳು ಪುಟ್ಟಮಾದಮ್ಮ. 'ಅದೇ ಕನಮ್ಮ.'

ಪೊದೆಯ ಬಾಯಲ್ಲಿ ಒಣಗಿ ಬಿದ್ದಿದ್ದ ನಾಯಿಗಳ ಹೊಲಸನ್ನು ನಿಂಗರಾಜು ಕಡ್ಡಿಯಿಂದ ಬಿಡಿಸಿ ಎಲ್ಲರಿಗೂ ತೋರಿಸಿದ. ಒಳಗೆಲ್ಲ ಕುರಿಯ ಉಣ್ಣೆ. ಅಲ್ಲಿಗೆ ನನ್ನ ಮರಣೋತ್ತರ ಪರೀಕ್ಷೆ ಮುಗಿಯಿತು. ನಾನು ಒಂದು ಮಾತೂ ಆಡಲಿಲ್ಲ. ನನ್ನ ವೃತ್ತಿಜೀವನದಲ್ಲಿ ಇದೊಂದೇ ಸಲ.

ಹಿಂದಿದ್ದ ಯುವಕರಲ್ಲಿ ಒಬ್ಬ ಕಲ್ಲೆತ್ತಿದ. ಎತ್ತಿದ ಕೈ ಹಾಗೇ ನಿಂತಿತು. ಕಾವಿ ಕಟ್ಟಿದ ಕತ್ತಿಗೆ ಕಲ್ಲು ಹೊಡೆಯುವುದು ಹೇಗೆ? ಇನ್ನೊಬ್ಬ, 'ಅನ್ನಕ್ಕ ಔಷ್ದಿ ಬೆರ್ಸಿ ಇಟ್ಬುಡನ' ಎಂದ. ಶಿವಮಲ್ಲಪ್ಪ ತಿರುಗಿ ನೋಡಿದರು.

'ನನ್ ಪಾತ್ರೇಲಾ? ಪರಸೆಗ ಇಕ್ಕೋ ಪಾತ್ರೇಲಾ?'

ಆಗ ಪುಟ್ಟಮಾದಮ್ಮ ಮುಂದೆ ಬಂದಳು. ಅವಳು ಕೂಗಾಡಲಿಲ್ಲ. 'ನಾಯಿ ಪರಸೆ ಆದ್ರ ನನ್ ಕುರಿ ಯಾರು ಬುದ್ಧಿ? ಅದ ಮೇಯ್ಸ ನಾನ್ಯಾರು? ನೀವು ಇಕ್ಕಿ ಕರ್ಕಂಡ್ರಿ. ಇಕ್ಕದ್ನ ನಿಲ್ಲುಸ್ಬುಟ್ರಿ. ಅವು ನನ್ ಮಂದೇಗ ಬಂದೋ. ನೀವು ನನ್ನ ಓಡುಸ್ತಾ ಇದ್ದೀರಿ.'

ಎಷ್ಟೋ ಚರ್ಚಾಸ್ಪರ್ಧೆ ನೋಡಿದ್ದೇನೆ. ಇಷ್ಟು ಕಡಿಮೆ ಮಾತಿನಲ್ಲಿ ಯಾರೂ ಎದುರಾಳಿಯನ್ನು ಕೂರಿಸಿದ್ದಿಲ್ಲ.

ಶಿವಮಲ್ಲಪ್ಪ ಅನ್ನವನ್ನು ಎಲೆಯ ಮೇಲೆ ಹಾಕಿ, ನಾಯಿಗಳು ತಿನ್ನುವವರೆಗೂ ಅಲ್ಲೇ ಕುಕ್ಕರಗಾಲಲ್ಲಿ ಕೂತಿದ್ದರು. ಅವು ತಿನ್ನುತ್ತಿದ್ದಾಗಲೇ ಒಂದೊಂದರ ಕತ್ತಿಗೂ ಹಗ್ಗ ಹಾಕಿದರು. ಯಾವುದೂ ಕೊಸರಾಡಲಿಲ್ಲ. ಎದ್ದವರು ಯಾರ ಮುಖವನ್ನೂ ನೋಡದೆ, 'ಇವು ನನ್ ಕೊಟ್ಟಿಗೇಲಿರ್ಲಿ. ಮಂದೆ ನನ್ ಹೊಲ್ದಲ್ಲೇ ಇರ್ಲಿ. ಮರಿ ಹಾಕಿ ಮುಗಿಯವರ್ಗೂ' ಎಂದರು. ಆಮೇಲೆ ಪುಟ್ಟಮಾದಮ್ಮನ ಕಡೆ ತಿರುಗಿ, 'ಬಲೆ ಇಳುಸ್ಕವ್ವ' ಎಂದರು.

'ಕತ್ತೆ ಮ್ಯಾಲ ಹೇರ್ಸ್ದೋರೇ ಇಳುಸ್ಲಿ' ಎಂದಳು ಅವಳು. ಕಲ್ಲೆತ್ತಿದ್ದ ಯುವಕನೇ ಹೋಗಿ ಇಳಿಸಿದ.

ಆ ನಾಯಿಗಳಿಗೆ ಸೂಜಿ ಹಾಕಿ, ಹಣೆಗೆ ನೀಲಿ ಹಚ್ಚಿ, ಫೋಟೋ ತೆಗೆದೆ. ಬಾವಲಿ ಮುಖದ ಚಿತ್ರ ಹರಿದಾಡಿದ್ದ ಅದೇ ವಾಟ್ಸ್ಆ್ಯಪ್ ಗುಂಪಿಗೆ ಹಾಕಿಸಿದೆ. ಮೊದಲೆಲ್ಲ ಇಂಥ ವಿಷಯ ಊರೂರಿಗೆ ತಲುಪಿಸಲು ಆಟೋಗೆ ಮೈಕು ಕಟ್ಟಬೇಕಿತ್ತು. ಈಗ ಮಧ್ಯಾಹ್ನದ ಊಟದೊಳಗೆ ಫೋನ್ ಬಂತು, ಕೊಳ್ಳೇಗಾಲದ ಹತ್ತಿರದ ಮುಳ್ಳೂರಿನಿಂದ.

'ಮೇಡಂ, ಆ ಕರೀದು ನಮ್ ಕರಿಯ ಕಣ್ರೀ! ಪರಸೆ ಜೊತೆ ಓಗಿತ್ತು. ಬರ್ನಿಲ್ಲ. ಮಾದಪ್ಪನೇ ಮಡೀಕಂಡ ಅಂದ್ಕಂಡು ಸುಮ್ನಾದ್ವಿ.'

'ಮಾದಪ್ಪ ಮಡಗಿಕೊಂಡಿಲ್ಲ, ಶ್ಯಾವಂತಿಗೆ ಹೂ ಹಾಕಿ ಕಟ್ಟಿದ್ದಾರೆ, ಬಂದು ಕರ್ಕೊಂಡು ಹೋಗಿ' ಎಂದೆ. ಶಿವಮಲ್ಲಪ್ಪನವರ ಹೆಂಡತಿ ನಿಜವಾಗಿಯೂ ಹೂ ಹಾಕಿದ್ದರು. ಕರಿಯ ಟೆಂಪೋದಲ್ಲಿ ಊರಿಗೆ ಹೋಯಿತು. ಉಳಿದ ಎರಡರ ಊರು ಸಿಗಲಿಲ್ಲ. ಅವು ಕೊಟ್ಟಿಗೆಯಲ್ಲೇ ಉಳಿದವು. ಅಲ್ಲಿಂದೀಚೆಗೆ ಪರಸೆ ಬಂದಾಗ ಶಿವಮಲ್ಲಪ್ಪ ಊಟಕ್ಕೆ ಮೊದಲು ಕೇಳುವ ಪ್ರಶ್ನೆ, 'ನಾಯಿ ಯಾವೂರ್ದು?' ಉತ್ತರ ಬಂದರೆ ನಾಯಿಯನ್ನು ಅಲ್ಲೇ ಕಟ್ಟಿಸಿಕೊಂಡು ಆ ಊರಿಗೆ ಫೋನ್ ಮಾಡುತ್ತಾರೆ. ಆ ರಸ್ತೆಯಲ್ಲಿ ಮತ್ತೆ ಹಾಗೆ ಕುರಿ ಸತ್ತ ಸುದ್ದಿ ನಾನು ಇದ್ದಷ್ಟು ದಿನ ಬರಲಿಲ್ಲ.

ಇಲ್ಲಿಗೆ ಮುಗಿಸಿದ್ದರೆ ನಾನು ಗೆದ್ದ ಹಾಗೆ. ಆದರೆ ಈ ವರ್ಷ, ಕೋಲೂರಿ ನಡೆಯುವಷ್ಟು ಚೇತರಿಸಿಕೊಂಡ ಮೇಲೆ, ನಿಂಗರಾಜು ನನ್ನನ್ನು ಕಾರಿನಲ್ಲಿ ಆ ಕಡೆ ಕರೆದುಕೊಂಡು ಹೋಗಿದ್ದ. ಪುಟ್ಟಮಾದಮ್ಮನ ಮಂದೆ ರಸ್ತೆ ಬದಿಯ ಹೊಲದಲ್ಲಿತ್ತು, ಮೊದಲಿಗಿಂತ ದೊಡ್ಡದಾಗಿ. ಹೊಲದ ಯಜಮಾನ ಮರದ ಕೆಳಗೆ ಮಂಚ ಹಾಕಿಸಿ ಕೊಟ್ಟಿದ್ದ. ಇನ್ನಿಬ್ಬರು ರೈತರು ಬದುವಿನ ಮೇಲೆ ಕಾಯುತ್ತಿದ್ದರು. ಮುಂದಿನ ಸರದಿ ತಮ್ಮದೆಂದು ಅವರಿಬ್ಬರಲ್ಲೇ ಜಗಳ.

'ಏನಮ್ಮ, ಇಷ್ಟೊಂದು ಗಿರಾಕಿ?' ಎಂದೆ.

ಅವರಲ್ಲೊಬ್ಬ ತಾನೇ ಉತ್ತರ ಕೊಟ್ಟ. 'ಇವಮ್ಮನ ಮಂದೆ ನಿಂತ ಕಡೆ ಕೆಂಗತ್ತ ಸುಳಿಯಲ್ವಂತಲ್ಲ ಮೇಡಂ. ಇವಮ್ಮ ಒಂದ್ ಮಾತು ಅಂದಿದ್ಕೆ ಅದು ಹೆದ್ರಿ ಬೆಟ್ಟ ಹತ್ತಿದ್ದು ಇಳಿದೇ ಇಲ್ವಂತೆ.'

ನನ್ನ ರಕ್ತ ಕುದಿಯಿತು. ಬಾಯಿ ತೆರೆದೆ. ಕೆಂಗತ್ತ ಎಂಬುದು ಇಲ್ಲ, ಅದು ಮೂರು ನಾಯಿ, ಅದರಲ್ಲೊಂದು ಈಗ ಮುಳ್ಳೂರಿನಲ್ಲಿ ಮುದ್ದೆ ತಿಂದುಕೊಂಡಿದೆ ಎಂಬುದೆಲ್ಲ ನಾಲಿಗೆಯ ತುದಿಗೆ ಬಂತು. ಪುಟ್ಟಮಾದಮ್ಮ ನನ್ನ ಪಕ್ಕದಲ್ಲಿ ಕೂತು, ಬಹಳ ಹಿಂದೆ ಕಟ್ಟೆಯ ಮೇಲೆ ಹಿಡಿದ ಹಾಗೆಯೇ ಸೆರಗು ಹಿಡಿದಳು.

'ಡಾಕ್ಟ್ರಮ್ಮ, ಅದು ಇಲ್ಲ ಅಂತ ನೀವು ತೋರುಸ್ಬುಟ್ರಿ. ಇಲ್ದಿದ್ದು ಬರಲ್ಲ ಅಂತ ನಾನು ಹೇಳ್ತಾ ಇವ್ನಿ. ಸುಳ್ಳೇನ?'

ನಿಂಗರಾಜು ಮುಖ ಆಚೆ ತಿರುಗಿಸಿ ನಗುತ್ತಿದ್ದ. ಮಂಚದ ಕೆಳಗೆ ಎರಡು ಮರಿಗಳು ನನ್ನ ಕೋಲನ್ನು ಮೂಸುತ್ತಿದ್ದವು. ನಾನು ಸಡಿಲ ಕಲ್ಲು ಹುಡುಕಿದೆ. ಸಿಗಲಿಲ್ಲ. ಬದುವಿನ ಮೇಲಿದ್ದ ರೈತ ಕೂಗಿ ಕೇಳಿದ, 'ಮೇಡಂ, ನೀವೇ ಹೇಳಿ, ಈ ಮಂದೆ ನಿಂತ ಕಡೆ ಕೆಂಗತ್ತ ಬತ್ತದಾ?'

'ಬರಲ್ಲ' ಎಂದೆ.